ಏಲಕ್ಕಿ ಹಾರಕ್ಕೆ ಕೊರಳೊಡ್ಡಿದ ಹಾಲೇಶಪ್ಪನವರು

ಹಾವೇರಿಯಲ್ಲಿ ಸಭೆಯನ್ನು ಆರಂಭಿಸುವ ಅಧಿಕಾರ ಅನೇಕರಿಗಿದೆ. ದೀಪ ಹಚ್ಚಲು ಶಾಸಕರು ಬರುತ್ತಾರೆ. ಅವರು ಬಾರದಿದ್ದರೆ ಮಾಜಿ ಶಾಸಕರು ಬರುತ್ತಾರೆ. ಅವರೂ ಬಾರದಿದ್ದರೆ ಮುಂದಿನ ಸಲ ಶಾಸಕರಾಗಬಯಸುವವರು ಕರೆಯದೆಯೇ ಬರುತ್ತಾರೆ. ಆದರೆ ಸಭೆಯನ್ನು ಮುಗಿಸುವ ಅಧಿಕಾರ ಮಾತ್ರ ಬಹುಕಾಲದಿಂದ ಒಬ್ಬರೇ ವ್ಯಕ್ತಿಯಲ್ಲಿ ನೆಲೆಗೊಂಡಿತ್ತು. ಅವರೇ ವಂದನಾರ್ಪಣೆಯ ಹಾಲೇಶಪ್ಪನವರು.

ಹಾಲೇಶಪ್ಪನವರು ಸರಕಾರಿ ಕಚೇರಿಯೊಂದರ ಪತ್ರಗಳ ಆವಕ-ಜಾವಕ ವಿಭಾಗದಿಂದ ನಿವೃತ್ತರಾಗಿದ್ದರು, ವಂದನಾರ್ಪಣೆಯಿಂದ ನಿವೃತ್ತರಾಗಿರಲಿಲ್ಲ. ಸಂಘದ ವಾರ್ಷಿಕ ಸಭೆಯಿರಲಿ, ಪುಸ್ತಕದ ಬಿಡುಗಡೆಯಿರಲಿ, ಕಣ್ಣಿನ ತಪಾಸಣೆಯ ಶಿಬಿರವಿರಲಿ, ಕೊನೆಗೆ ಮೈಕು ಅವರ ಕೈಗೇ ಬರುತ್ತಿತ್ತು. "ಸರ್ವರಿಗೂ ಮತ್ತೊಮ್ಮೆ ವಂದಿಸುತ್ತ ಈ ಸಭೆಯನ್ನು ಮುಕ್ತಾಯಗೊಳಿಸುತ್ತೇನೆ" ಎಂಬ ಅವರ ವಾಕ್ಯ ಕಿವಿಗೆ ಬಿದ್ದೊಡನೆ ಗಾಢನಿದ್ರೆಯಲ್ಲಿದ್ದವರೂ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಕರ್ಜಗಿಯ ಸಂತಾಪ ಸಭೆಯೊಂದರಲ್ಲಿ ಅವರು ಅಭ್ಯಾಸಬಲದಿಂದ ಮೃತರಿಗೂ "ತಮ್ಮ ಅಮೂಲ್ಯ ಸಮಯವನ್ನು ಬಿಡುವು ಮಾಡಿಕೊಂಡಿದ್ದಕ್ಕೆ" ವಂದಿಸಿದಾಗ ಯಾರೂ ಆಕ್ಷೇಪಿಸಿರಲಿಲ್ಲ. ಎಲ್ಲರೂ ಗಂಭೀರವಾಗಿ ಎದ್ದು ಊಟಕ್ಕೆ ನಡೆದಿದ್ದರು.

ಇಷ್ಟು ದೊಡ್ಡ ಅಧಿಕಾರವಿದ್ದ ಮನುಷ್ಯನಿಗೆ ಒಂದೇ ಕೊರತೆ. ಹಾವೇರಿಯಲ್ಲಿ ಗಣ್ಯರಿಗೆ ಏಲಕ್ಕಿ ಹಾರ ಹಾಕುತ್ತಾರೆ. ಹಾಲೇಶಪ್ಪನವರು ಮೈಕಿನ ಬಳಿ ಬರುವ ಹೊತ್ತಿಗೆ ಹಾರದ ತಟ್ಟೆ ಬರಿದಾಗಿರುತ್ತಿತ್ತು. ವಂದಿಸುವವನಿಗೆ ಯಾರೂ ವಂದಿಸುವುದಿಲ್ಲ. ಹಾರ ಕಟ್ಟುವ ಅಲ್ಲಾಬಕ್ಷನ ಅಂಗಡಿಯ ಮುಂದೆ ಹಾಯುವಾಗ ಅವರ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಅಲ್ಲಾಬಕ್ಷ ಅವರ ಕೊರಳನ್ನು ಒಮ್ಮೆ ನೋಡಿ, ಮತ್ತೆ ಏಲಕ್ಕಿ ಪೋಣಿಸುತ್ತಿದ್ದ.

ಈ ಕೊರತೆಯೊಂದಿಗೆ ಅವರು ನೆಮ್ಮದಿಯಾಗಿ ಮುಪ್ಪಾಗುತ್ತಿದ್ದರೋ ಏನೋ. ಆದರೆ ಅವರಿಗೆ ರಾಣೆಬೆನ್ನೂರಿನಲ್ಲಿ ಒಬ್ಬರು ಬೀಗರಿದ್ದರು.

*

ಹಿರಿಯ ಮಗಳು ಗಂಗಾಳ ಮಾವ ಬೀರಲಿಂಗಪ್ಪನವರು ಬೀಜೋತ್ಪಾದಕರ ಸಂಘವೊಂದರ ನಿರ್ದೇಶಕರು. ಮೊಮ್ಮಗನ ಜವಳದ ದಿನ ಅವರು ಹಾಲೇಶಪ್ಪನವರನ್ನು ಕೈಹಿಡಿದು ಪಡಸಾಲೆಗೆ ಕರೆದೊಯ್ದು ಗೋಡೆ ತೋರಿಸಿದರು. ಗೋಡೆಯ ಮೇಲೆ ಗಾಜಿನ ಚೌಕಟ್ಟುಗಳಲ್ಲಿ ಏಲಕ್ಕಿ ಹಾರಗಳು ತೂಗುತ್ತಿದ್ದವು.

"ಬೀಗ್ರ, ಇದು ಸಂಘದವರು ಹಾಕಿದ್ದು. ಇದು ಹೈಸ್ಕೂಲಿನವರು ಹಾಕಿದ್ದು. ಆ ಕಡೀದು ಯಾರು ಹಾಕಿದ್ರು ಅನ್ನೋದ ನೆನಪಿಲ್ಲ ನೋಡ್ರಿ. ಇಷ್ಟಾದ ಮ್ಯಾಲೆ ಎಲ್ಲಿ ನೆನಪಿರತೈತಿ" ಎಂದ ಬೀರಲಿಂಗಪ್ಪನವರು ಅತಿ ಮೃದುವಾಗಿ ಕೇಳಿದರು: "ನಿಮಗಿನ್ನೂ ಒಂದೂ ಬಿದ್ದಿಲ್ಲಲ್ಲ?"

"ನಮ್ಮದೇನಿದ್ರೂ ಮುಗಸೋ ಕೆಲಸ ಐತ್ರಿ."

"ಅದನ್ನ ನಾನೂ ಅಂತೇನಿ. ಉಂಡೆದ್ದ ಮ್ಯಾಲೆ ಎಲಿ ತೆಗಿಯೋರಿಗೆ ಹಾರ ಯಾರು ಹಾಕ್ತಾರ್ರಿ."

ಸುತ್ತ ಕುಳಿತ ಬೀಗಸ್ತನದ ಮಂದಿ ಸಭ್ಯವಾಗಿ ನಕ್ಕರು. ಹಾಲೇಶಪ್ಪನವರು ನಗಲಿಲ್ಲ. ಅವರ ಬಾಯಿಂದ, ಅವರ ಅನುಮತಿಯನ್ನು ಪಡೆಯದೆ, ಒಂದು ವಾಕ್ಯ ಹೊರಬಿದ್ದಿತು.

"ಈ ತಿಂಗಳ ಕಡೀಕ ನನಗೂ ಒಂದು ಬೀಳೂದೈತ್ರಿ. ನಮ್ಮ ರೋಹಿಣಿ ಕಾಲೇಜಿನ್ಯಾಗ ಪ್ರೋಗ್ರಾಮಿಂಗ್ ಖುಷಿ ಸಮ್ಮೇಳನ ಇಟ್ಟಾರ. ನಾನೂ ಒಬ್ಬ ಭಾಷಣಕಾರ."

ಬೀರಲಿಂಗಪ್ಪನವರು ಹಾರಗಳಿಂದ ಕಣ್ಣು ಕಿತ್ತು ಬೀಗರತ್ತ ತಿರುಗಿದರು.

"ನಿಮಗ ಪ್ರೋಗ್ರಾಮಿಂಗ್ ಬರತೈತೇನ್ರಿ ಬೀಗ್ರ?"

ಹಾಲೇಶಪ್ಪನವರು ಹೋಳಿಗೆಯನ್ನು ಮುರಿದು ಬಾಯಿಗಿಟ್ಟುಕೊಂಡರು. ಬಾಯಲ್ಲಿ ಹೋಳಿಗೆ ಇರುವಾಗಿನ ಮೌನವನ್ನು ನಮ್ಮ ಸೀಮೆಯಲ್ಲಿ ವಿನಯವೆಂದು ತಿಳಿಯುತ್ತಾರೆ.

ಸಮ್ಮೇಳನವೇನೋ ನಿಜವಾಗಿತ್ತು. ಅವರ ಕಿರಿಯ ಮಗಳು ರೋಹಿಣಿ ಹಾವೇರಿಯ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಉಪನ್ಯಾಸಕಿ. ಪ್ರೋಗ್ರಾಂ ಬರೆಯುವುದು ನೌಕರಿಗೆ ಏಣಿ ಮಾತ್ರವಲ್ಲ, ಅದರಲ್ಲಿ ಪದ ಕಟ್ಟಿ ಹಾಡಿದಷ್ಟೇ ಖುಷಿಯಿದೆ ಎಂಬುದು ಅವಳ ವಾದ. ಸಮ್ಮೇಳನದ ಪ್ರತಿಯೊಬ್ಬ ಭಾಷಣಕಾರನೂ ಕೇವಲ ಸಂತೋಷಕ್ಕಾಗಿ ಬರೆದ, ಯಾವ ಉಪಯೋಗವೂ ಇಲ್ಲದ ಒಂದು ಪ್ರೋಗ್ರಾಮನ್ನು ತಂದು ತೋರಿಸಬೇಕು ಎಂಬುದು ಅವಳ ನಿಯಮ.

"ಉಪಯೋಗ ಇಲ್ಲದ್ದು ಅಂತ ಆಮಂತ್ರಣದಾಗ ಹಾಕಬ್ಯಾಡ್ರಿ ಮೇಡಂ" ಎಂದಿದ್ದರು ಪ್ರಾಚಾರ್ಯ ಸಿದ್ದಲಿಂಗೇಶ. "ಆಡಳಿತ ಮಂಡಳಿಯವರು ತಮ್ಮ ಬಗ್ಗೆನ ಬರದಾರ ಅಂತ ತಿಳ್ಕೋತಾರ." ಜೊತೆಗೆ ಒಂದು ಷರತ್ತನ್ನೂ ಹಾಕಿದ್ದರು. "ಕಡೀ ಭಾಷಣಕ್ಕ ಸಭಾಂಗಣ ತುಂಬಿರಬೇಕು. ಇಲ್ಲಂದ್ರ ಇಂಥಾ ಆಟಕ್ಕ ಮಂದಿ ಇಲ್ಲ ಅಂತ ತಿಳದು, ನಿಮ್ಮ ಕಂಪ್ಯೂಟರ್ ಖೋಲಿಗೆ ಮುರಿದ ಬೆಂಚು ತುಂಬಸ್ತೇನಿ. ಬೆಂಚು ಹೊರಗ ತೋಯಾಕತ್ತಾವ."

ಹೀಗೆ, ಆ ಸಮ್ಮೇಳನದ ಮೇಲೆ ರೋಹಿಣಿಯ ಖೋಲಿ, ಎಂದರೆ ಕಂಪ್ಯೂಟರ್ ಕೋಣೆ, ನಿಂತಿತ್ತು. ತಂದೆಗೆ ಇದು ಗೊತ್ತಿತ್ತು. ಗೊತ್ತಿದ್ದೂ ಹೋಳಿಗೆ ತಿಂದಿದ್ದರು.

*

ಹಾಲೇಶಪ್ಪನವರ ಬಸ್ಸು ಹಾವೇರಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬೀರಲಿಂಗಪ್ಪನವರು ಅದನ್ನು ಎಲ್ಲ ವಾಟ್ಸಾಪ್ ಗುಂಪುಗಳಿಗೆ ಕಳುಹಿಸಿದ್ದರು. ಬೀಗರ ಕೀರ್ತಿಯನ್ನು ಹರಡುವುದು ಅವರ ಉದ್ದೇಶವಾಗಿರಲಿಲ್ಲ. ಸುಳ್ಳನ್ನು ಸಾಕಷ್ಟು ಎತ್ತರಕ್ಕೆ ಏರಿಸಿದರೆ ಬೀಳುವಾಗ ಎಲ್ಲರಿಗೂ ಕಾಣುತ್ತದೆ ಎಂಬುದು ಅವರ ದೂರದೃಷ್ಟಿ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ರೋಷನಬಿ ಬಾಗಿಲಿಗೆ ಬಂದು ನಿಂತಳು. ರೇಷನ್ ಅಂಗಡಿಯ ಯಂತ್ರ ಹಲವು ದಿನಗಳಿಂದ ಅವಳ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ.

"ಅಣ್ಣಾರ, ಇಷ್ಟು ವರ್ಷ ಬಾಜೂಕ ಇದ್ದು ನನ್ನ ಹೆಬ್ಬೆಟ್ಟು ಬ್ಯಾಡ ಅಂದ್ರಲ್ರಿ."

"ನಾ ಎಲ್ಲಿ ಅಂದೇನವ್ವಾ?"

"ಪ್ರೋಗ್ರಾಂ ಬರಿಯೋರು ನೀವಂತಲ್ರಿ. ಮತ್ತ ಆ ಡಬ್ಬಿಗೆ ಹೇಳಿಕೊಟ್ಟವರು ಯಾರು?"

ಈ ತರ್ಕಕ್ಕೆ, ತನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ ಎನ್ನುವ ಒಂದು ಸರಳ ಉತ್ತರವಿತ್ತು. ಆದರೆ ಓಣಿಯ ನಾಲ್ಕಾರು ಮಂದಿ ನಿಂತು ಕೇಳುತ್ತಿದ್ದರು. ಹಾಲೇಶಪ್ಪನವರು ಆವಕ-ಜಾವಕ ವಿಭಾಗದಲ್ಲಿ ಕಲಿತ ಮಾತನ್ನು ಬಳಸಿದರು: "ಪರಿಶೀಲಿಸೋಣು. ನಾಳೆ ಹೋಗಿ ನೋಡ್ರಿ."

ರೋಷನಬಿ ಮನೆಗೆ ಹೋಗಿ ಅಡಕೆಸುಣ್ಣದ ಕೈಯನ್ನು ತಿಕ್ಕಿ ತೊಳೆದು ಮರುದಿನ ಹೋದಳು. ಯಂತ್ರ ಹೆಬ್ಬೆಟ್ಟನ್ನು ಒಪ್ಪಿತು. ಅವಳು ಅಕ್ಕಿಯ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಓಣಿಯುದ್ದಕ್ಕೂ ಹಾಲೇಶಪ್ಪನವರ ಹೆಸರು ಹೇಳುತ್ತ ಬಂದಳು.

ಆ ದಿನದಿಂದ ಅವರ ಜಗುಲಿ ಖಾಲಿಯಾಗಲಿಲ್ಲ. ಪಹಣಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ತನ್ನದೇ ಹೆಸರು ಬಂದಿದೆ, ತನಗೆ ತಾನೇ ಮಗನಾಗಿದ್ದೇನೆ ಎಂದು ಒಬ್ಬ ರೈತ ಬಂದ. ಮೋಟೆಬೆನ್ನೂರಿನಿಂದ ಒಬ್ಬರು, ತಮ್ಮ ಅಳಿಯನ ಫೋನು ಯಾವಾಗಲೂ ಬೇರೆ ಕರೆಯಲ್ಲಿರುತ್ತದೆ, ಅದನ್ನು ಬಿಡಿಸಿ ಕೊಡಬೇಕು ಎಂದರು. ಎಲ್ಲರಿಗೂ "ಪರಿಶೀಲಿಸೋಣು" ಎಂಬ ಒಂದೇ ಔಷಧ. ಅರ್ಧದಷ್ಟು ತೊಂದರೆಗಳು ತಾವಾಗಿ ಸರಿಹೋದವು. ಉಳಿದವರು ತಮ್ಮ ನಸೀಬನ್ನು ಬೈದುಕೊಂಡರೇ ಹೊರತು ಹಾಲೇಶಪ್ಪನವರನ್ನಲ್ಲ.

ಇದೇ ಹೊತ್ತಿಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನವರ ಅಂಗಡಿಯ ಕಂಪ್ಯೂಟರ್ ಕಣ್ಣುಮುಚ್ಚಿತು. ಅವರು ಫೋನು ಮಾಡಿದರು. ಹಾಲೇಶಪ್ಪನವರು ಏನು ಹೇಳಲೂ ತೋಚದೆ, "ಒಂದೀಟು ಹೊತ್ತು ಬಿಡ್ರಿ, ಅದಕ್ಕೂ ದಣಿವಾಗಿರತೈತಿ" ಎಂದರು. ಕರೆಂಟು ಬಂದೊಡನೆ ಕಂಪ್ಯೂಟರ್ ಕಣ್ಣುಬಿಟ್ಟಿತು. ಸಮ್ಮೇಳನದ ಊಟದ ದಾನಿಗಳು ಇದೇ ಪ್ರಭುಲಿಂಗಪ್ಪನವರಾಗಿದ್ದುದು ಹಾಲೇಶಪ್ಪನವರ ಭಾಗ್ಯವೋ ದುರ್ಭಾಗ್ಯವೋ ಮುಂದೆ ಓದಿದವರು ನಿರ್ಧರಿಸಬೇಕು. ಅವರು ನೇರವಾಗಿ ಪ್ರಾಚಾರ್ಯರಿಗೆ ಹೇಳಿದರು.

"ಹಾಲೇಶಪ್ಪನವರ ಭಾಷಣ ಮೊದಲ ಇಡ್ರಿ. ಅಂಥಾ ಮನಿಷಾನ್ನ ಇಷ್ಟು ವರ್ಷ ಕಡೀಕ ನಿಲ್ಲಿಸಿ ಪಾಪ ಕಟಗೊಂಡೀವಿ. ಮೊದಲ ಇಲ್ಲಂದ್ರ ಗೋದಿ ಹುಗ್ಗಿನೂ ಇಲ್ಲ."

ಪ್ರಾಚಾರ್ಯರು ಹುಗ್ಗಿಯ ಪಕ್ಷ ವಹಿಸಿದರು.

*

ರೋಹಿಣಿಗೆ ವಿಷಯ ತಿಳಿದದ್ದು ಅಚ್ಚಾಗಿ ಬಂದ ಆಮಂತ್ರಣ ಪತ್ರಿಕೆಯಿಂದ. ಅವಳು ಅದನ್ನು ತಂದು ತಂದೆಯ ಮುಂದಿಟ್ಟಳು.

"ಅಪ್ಪಾ, ಏನಿದು?"

ಹಾಲೇಶಪ್ಪನವರು ಕನ್ನಡಕ ಏರಿಸಿ ನೋಡಿದರು. "ಅಚ್ಚಿನ ತಪ್ಪು ಇರಬೇಕು."

"ಅಚ್ಚಿನ ತಪ್ಪಿಗೆ ನಿನ್ನ ಫೋಟೋ ಎಲ್ಲಿ ಸಿಕ್ತು?"

ಫೋಟೋ ಚೆನ್ನಾಗಿಯೇ ಬಂದಿತ್ತು. ಅದನ್ನು ಹೇಳುವ ಸಮಯ ಇದಲ್ಲವೆಂದು ಅವರು ಸುಮ್ಮನಿದ್ದರು. ಒಳಗಿನಿಂದ ಹೆಂಡತಿ ದೇವವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

"ನಿನ್ನ ಹೆಸರು ತೆಗದ್ರ ಪ್ರಭುಲಿಂಗಪ್ಪನವರು ಊಟ ತೆಗೀತಾರ. ಊಟ ತೆಗದ್ರ ಮಂದಿ ಬರೂದಿಲ್ಲ. ಮಂದಿ ಬರಲಿಲ್ಲಂದ್ರ ನನ್ನ ಖೋಲಿಯೊಳಗ ಬೆಂಚು" ಎಂದಳು ರೋಹಿಣಿ. "ಗೊತ್ತಾತಿಲ್ಲೋ?"

"ಆತವಾ."

"ಇಪ್ಪತ್ತು ನಿಮಿಷ ಐತಿ. ಕಂಪ್ಯೂಟರ್ ಸುದ್ದಿಗೆ ಹೋಗಬ್ಯಾಡ. ನಿನಗ ಯಾವುದು ಖುಷಿ ಕೊಡತೈತಿ ಅದನ್ನ ಹೇಳಿ ಕುಂದ್ರು. ಆದ್ರ ಒಂದು ಲಕ್ಷ್ಯದಾಗ ಇಟ್ಟುಕೋ. ಯಾರಿಗೂ ವಂದಿಸಬ್ಯಾಡ."

"ನನಗೇನು ಹುಚ್ಚು ಹಿಡದೈತೇನು."

"ನಿದ್ದಿಯೊಳಗ ವಂದಸ್ತಾರ" ಎಂದಳು ಒಳಗಿನಿಂದ ದೇವವ್ವ. "ಹ್ವಾದ ವಾರ ದಿಂಬಿಗೆ ವಂದಿಸ್ಯಾರ."

*

ಸಮ್ಮೇಳನದ ದಿನ ಸಭಾಂಗಣ ಕಿಕ್ಕಿರಿದಿತ್ತು. ವಿದ್ಯಾರ್ಥಿಗಳಿಗಿಂತ ಹಾಲೇಶಪ್ಪನವರ ಫಲಾನುಭವಿಗಳೇ ಹೆಚ್ಚಾಗಿದ್ದರು. ಮುಂದಿನ ಸಾಲಿನಲ್ಲಿ ಬೀರಲಿಂಗಪ್ಪನವರು, ಬೀಳುವುದನ್ನು ಹತ್ತಿರದಿಂದ ನೋಡಲು ರಾಣೆಬೆನ್ನೂರಿನಿಂದ ಜೀಪು ಮಾಡಿಕೊಂಡು ಬಂದು ಕುಳಿತಿದ್ದರು. ವೇದಿಕೆಯ ಮೇಲೆ ಇಬ್ಬರು ನಿಜವಾದ ಭಾಷಣಕಾರರು: ಕರ್ಜಗಿಯ ಶಾಲಾಶಿಕ್ಷಕ ಕಲ್ಲೇಶ ಮತ್ತು ಹುಬ್ಬಳ್ಳಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಸಾನಿಯಾ. ಮೇಜಿನ ಮೇಲೆ ತಟ್ಟೆ. ತಟ್ಟೆಯಲ್ಲಿ ಭಾಷಣಕಾರರಿಗಾಗಿ ತಂದ ಏಲಕ್ಕಿ ಹಾರಗಳು. ಪರಿಮಳ ಮೂರನೆಯ ಸಾಲಿನವರೆಗೆ ಬರುತ್ತಿತ್ತು. ಭಾಷಣ ಮುಗಿದೊಡನೆ ಪ್ರಾಚಾರ್ಯರು ಹಾರ ಹಾಕುವರೆಂದು ಘೋಷಣೆಯಾಯಿತು.

ಹಾಲೇಶಪ್ಪನವರು ಎದ್ದರು. ಮೈಕಿನ ಜಾಕೀರ್ ಮೈಕನ್ನು ಅವರ ಎತ್ತರಕ್ಕೆ ತಿರುಗಿಸಬೇಕಾಗಲಿಲ್ಲ; ಅದು ಬಹುಕಾಲದಿಂದ ಅದೇ ಎತ್ತರದಲ್ಲಿತ್ತು.

"ನನಗೆ ಖುಷಿ ಕೊಡುವ ಸಂಗತಿಯೆಂದರೆ" ಎಂದು ಅವರು ಸರಿಯಾಗಿಯೇ ಆರಂಭಿಸಿದರು. ರೋಹಿಣಿ ಉಸಿರು ಬಿಟ್ಟಳು. "ಈ ಸಮ್ಮೇಳನವನ್ನು ಉದ್ಘಾಟಿಸಿದ ಆದರಣೀಯ ಪ್ರಾಚಾರ್ಯರು."

ಇಳಿಜಾರಿಗೆ ಬಿದ್ದ ಚಕ್ಕಡಿಯನ್ನು ಎತ್ತುಗಳು ಎಳೆಯುವುದಿಲ್ಲ, ಚಕ್ಕಡಿಯೇ ಎತ್ತುಗಳನ್ನು ದಬ್ಬುತ್ತದೆ. "ಆದರಣೀಯ" ಎಂಬ ಶಬ್ದ ನಾಲಗೆಗೆ ಸೋಕಿದ ಮೇಲೆ ಹಾಲೇಶಪ್ಪನವರು ಏನನ್ನೂ ಮಾಡುವ ಸ್ಥಿತಿಯಲ್ಲಿರಲಿಲ್ಲ. ಪ್ರಾಚಾರ್ಯರಿಗೆ ಹೃತ್ಪೂರ್ವಕ ವಂದನೆಗಳು ಸಂದವು. ಅನ್ನದಾನಿ ಪ್ರಭುಲಿಂಗಪ್ಪನವರಿಗೆ ಅನಂತ ವಂದನೆಗಳು ಸಂದವು. "ಇದುವರೆಗೆ ಅತ್ಯಂತ ಮೌಲಿಕವಾಗಿ ಮಾತನಾಡಿದ" ಕಲ್ಲೇಶ ಮತ್ತು ಸಾನಿಯಾ, ಇನ್ನೂ ಬಾಯಿ ತೆರೆಯದೆ, ವಂದನೆ ಸ್ವೀಕರಿಸಿದರು. ರೋಹಿಣಿ ಪರದೆಯ ಮರೆಯಿಂದ ಎರಡೂ ಕೈ ಬೀಸಿದಳು. ಹೆಸರು ಬಿಟ್ಟುಹೋದುದನ್ನು ನೆನಪಿಸುತ್ತಿದ್ದಾಳೆಂದು ತಿಳಿದು ಅವರು ಅವಳಿಗೂ ವಂದಿಸಿದರು. ರಾಣೆಬೆನ್ನೂರಿನಿಂದ ಆಗಮಿಸಿದ ಬೀರಲಿಂಗಪ್ಪನವರಿಗೆ ವಂದಿಸಿದರು. ಕೊನೆಯದಾಗಿ, ಪದ್ಧತಿಯಂತೆ, ಧ್ವನಿವರ್ಧಕದ ಜಾಕೀರನಿಗೆ ವಂದಿಸಿದರು. ಆಮೇಲೆ ಆ ವಾಕ್ಯವನ್ನು ಹೇಳಿದರು.

"ಸರ್ವರಿಗೂ ಮತ್ತೊಮ್ಮೆ ವಂದಿಸುತ್ತ ಈ ಸಭೆಯನ್ನು ಮುಕ್ತಾಯಗೊಳಿಸುತ್ತೇನೆ."

ಸಭಾಂಗಣ ಎದ್ದುನಿಂತಿತು. ಯಾರೂ ಗಡಿಯಾರ ನೋಡಲಿಲ್ಲ. ಬಾಗಿಲಿನತ್ತ ನಡೆದ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಹಾರ ಹಾಕಬೇಕಾಗಿದ್ದ ಪ್ರಾಚಾರ್ಯರೇ ಇದ್ದರು.

*

ಊಟದ ಚಪ್ಪರದಲ್ಲಿ ಅಡುಗೆಯ ಹೊಳಿಯಪ್ಪ ಬದನೆಕಾಯಿ ಸೀಳುತ್ತ ಕುಳಿತಿದ್ದ. ತಾಟು ಹಿಡಿದ ಜನರ ಸಾಲು ಕಂಡು ಅವನು ತಲೆಯೆತ್ತಿದ.

"ಹುಗ್ಗಿಯ ಗೋದಿ ಇನ್ನೂ ನೀರಾಗ ಐತಿ. ಸಭಾ ಮುಗಸಿದವರು ಯಾರು?"

"ಹಾಲೇಶಪ್ಪನವರು."

"ಹಂಗಾದ್ರ ಮುಗದೈತಿ ಬಿಡ್ರಿ" ಎಂದು ಹೊಳಿಯಪ್ಪ ಒಲೆಗೆ ಮತ್ತೆರಡು ಕಟ್ಟಿಗೆ ಒಟ್ಟಿದ.

ರೋಹಿಣಿ ಓಡಿಬಂದು ಸಾಲಿನುದ್ದಕ್ಕೂ ಕೈಮುಗಿದಳು. ಸಮ್ಮೇಳನ ಇನ್ನೂ ಆರಂಭವೇ ಆಗಿಲ್ಲ, ಎಲ್ಲರೂ ಒಳಗೆ ಬರಬೇಕು ಎಂದಳು. ಹಿರಿಯ ರೈತರೊಬ್ಬರು ಅವಳಿಗೆ ಸಮಾಧಾನದಿಂದ ತಿಳಿಹೇಳಿದರು.

"ವಂದನಾರ್ಪಣೆ ಆಗೈತಿ ತಂಗಿ. ಆದ ಮ್ಯಾಲೆ ಹೊಳ್ಳಿ ಹೋಗಿ ಕುಂತ್ರ ಚಲೋ ಕಾಣೂದಿಲ್ಲ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಉಡಿ ತುಂಬಿ ಕಳುಹಿಸಿದ ಮೇಲೆ ಮತ್ತೆ ಬೀಗರ ಪಡಸಾಲೆಯಲ್ಲಿ ಹೋಗಿ ಕುಳಿತುಕೊಳ್ಳುವವರು ಯಾರು? ಮುಗಿದ ಸಭೆಗೂ ಅದೇ ಮರ್ಯಾದೆ.

ಖಾಲಿ ಸಭಾಂಗಣದಲ್ಲಿ ಉಳಿದವರು ಕೆಲವೇ ಮಂದಿ. ಕಲ್ಲೇಶ ತನ್ನ ಲ್ಯಾಪ್‌ಟಾಪನ್ನು ತೆರೆದು ಮುಚ್ಚುತ್ತಿದ್ದ. ರೋಹಿಣಿ ಮೊದಲ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದಳು, ತಂದೆಯನ್ನು ಬೈಯಲಿಲ್ಲ. ಬೈದಿದ್ದರೆ ಹಾಲೇಶಪ್ಪನವರಿಗೆ ಹಗುರಾಗುತ್ತಿತ್ತು. ಬೀರಲಿಂಗಪ್ಪನವರು ಮಾತ್ರ ಊಟದ ಸಾಲನ್ನು ತ್ಯಾಗ ಮಾಡಿ ಹಿಂದಿರುಗಿ ಬಂದಿದ್ದರು.

"ಬೀಗ್ರ, ಹಾರ ಹಾಕೋರು ಉಣ್ಣಾಕ ಹೋಗ್ಯಾರಲ್ರಿ" ಎಂದರು ಅವರು. "ಕುಂದ್ರಿ, ಬಂದಾರು."

ಬಂದ ಪ್ರಾಚಾರ್ಯರು ಹಾರದ ಮಾತೆತ್ತಲಿಲ್ಲ. "ಮೇಡಂ, ಮಂದಿ ಇಲ್ಲ. ನಾ ಹೇಳಿದ್ದು ನೆನಪೈತಲ್ಲ? ಬೆಂಚು ಇವತ್ತ ತರಸಲ್ಯಾ?"

ಆಗ ಸಾನಿಯಾ ಯಾರನ್ನೂ ಉದ್ದೇಶಿಸದೆ, ಅರ್ಧ ನಗುತ್ತ ಮಾತಾಡಿದಳು.

"ನಮ್ಮ ಕೆಲಸದಾಗ ಇದಕ್ಕ ಯಾರೂ ತಲಿ ಮ್ಯಾಲೆ ಕೈ ಹೊತ್ತು ಕುಂದ್ರೂದಿಲ್ಲ ನೋಡ್ರಿ ಕಾಕಾ. ತಪ್ಪು ಅಪ್ಪಣಿ ಕೊಟ್ರ ವಾಪಸು ತಗೋತೀವಿ."

ಹಾಲೇಶಪ್ಪನವರು ತಲೆಯೆತ್ತಿದರು. "ಹೆಂಗ ತಗೋತೀರಿ?"

"ಕಡೀಕ ಮಾಡಿದ್ದು ಮೊದಲ. ಹಂಗ ಒಂದೊಂದ ಹಿಂದಕ್ಕ ಸರಕೋತ ಬರೂದು. ಎಲ್ಲಾ ವಾಪಸು ಬಂದ್ರ, ಏನೂ ಆಗೋ ಮೊದಲ ಹೆಂಗಿತ್ತೋ ಹಂಗ ಆಗತೈತಿ."

ಅವಳು ತಮಾಷೆಗೆ ಹೇಳಿದ್ದಳು. ಹಾಲೇಶಪ್ಪನವರ ಮುಖದಲ್ಲಿ ತಮಾಷೆಯ ಲಕ್ಷಣವಿರಲಿಲ್ಲ. ಅವರು ಎದ್ದು ಅಂಗಿಯನ್ನು ಸರಿಪಡಿಸಿಕೊಂಡರು.

"ಒಂದು ಮಾತ್ರಿ" ಎಂದರು ಪ್ರಾಚಾರ್ಯರು, ನಿಯಮದ ಮನುಷ್ಯ. "ಮಾತು ವಾಪಸು ತಗೊಂಡ್ರ ಭಾಷಣ ಆಗಲೇ ಇಲ್ಲ ಅಂದಂಗಾತು. ಆಗದ ಭಾಷಣಕ್ಕ ಹಾರ ಹಾಕಾಕ ಬರೂದಿಲ್ಲ. ವಿಚಾರ ಮಾಡ್ರಿ."

ಹಾಲೇಶಪ್ಪನವರು ತಟ್ಟೆಯನ್ನು ನೋಡಿದರು. ಅವರ ಪಾಲಿನ ಹಾರ ಮೇಲೆಯೇ ಇತ್ತು. ಬೀರಲಿಂಗಪ್ಪನವರೂ ತಟ್ಟೆಯನ್ನು ನೋಡಿದರು, ಆಮೇಲೆ ಬೀಗರನ್ನು ನೋಡಿದರು.

"ಜಾಕೀರ, ಆ ಕೈ ಮೈಕು ತಗೊಂಡು ಬಾರಪಾ" ಎಂದು ಹಾಲೇಶಪ್ಪನವರು ಚಪ್ಪರದತ್ತ ನಡೆದರು. ಬೀಗರೂ ಪ್ರಾಚಾರ್ಯರೂ ಹಿಂಬಾಲಿಸಿದರು.

*

ಚಪ್ಪರದ ನಡುವೆ ಕುರ್ಚಿಯ ಮೇಲೆ ನಿಂತು ಅವರು ಗಂಟಲು ಸರಿಪಡಿಸಿಕೊಂಡರು.

"ಈ ಸಭೆಯ ಮುಕ್ತಾಯವನ್ನು ಹಿಂಪಡೆಯಲಾಗಿದೆ. ಧ್ವನಿವರ್ಧಕದ ವ್ಯವಸ್ಥೆ ಮಾಡಿದ ಶ್ರೀ ಜಾಕೀರ್ ಇವರಿಗೆ ಈಗಾಗಲೇ ಅರ್ಪಿಸಲಾದ ವಂದನೆಗಳನ್ನು ಸಖೇದವಾಗಿ ಹಿಂಪಡೆಯಲಾಗಿದೆ."

ಜಾಕೀರ್ ಮೈಕನ್ನು ಬಂದ್ ಮಾಡಿದ.

ಆದರೆ ಹಾಲೇಶಪ್ಪನವರ ಕಂಠ ಕರೆಂಟನ್ನು ನಂಬಿ ಬೆಳೆದುದಲ್ಲ. ಮುಂದಿನ ಮಾತು ಒಲೆಯ ಆಚೆಗೂ ಕೇಳಿಸಿತು. "ರಾಣೆಬೆನ್ನೂರಿನಿಂದ ಆಗಮಿಸಿದ ಶ್ರೀ ಬೀರಲಿಂಗಪ್ಪನವರಿಗೆ ಅರ್ಪಿಸಲಾದ ವಂದನೆಗಳನ್ನು ಹಿಂಪಡೆಯಲಾಗಿದೆ."

ಬೀರಲಿಂಗಪ್ಪನವರ ಮುಖದ ನಗು, ಹೊರಡಬೇಕೋ ಇರಬೇಕೋ ತಿಳಿಯದೆ, ಅರ್ಧಕ್ಕೆ ನಿಂತಿತು. ಜನ ಸಾಲು ಮುರಿದು ಹತ್ತಿರ ಬಂದರು. ಮಗಳ ವಂದನೆ ಹೋಯಿತು. ಸಾನಿಯಾಳದು, ಕಲ್ಲೇಶನದು ಹೋಯಿತು. ಪ್ರಭುಲಿಂಗಪ್ಪನವರು ತಾಟು ಕೆಳಗಿಟ್ಟು ಮುಂದೆ ಬಂದರು.

"ಹಾಲೇಶಪ್ಪನವರ, ನಂದೂ ವಾಪಸು ತಗೋತೀರೇನ್ರಿ?"

"ನಿಮ್ದ ಈಗ ಸರದಿ ಐತ್ರಿ."

"ಹುಗ್ಗಿ ನಂದೈತಿ."

"ಹುಗ್ಗಿ ನಿಮ್ದರಿ. ವಂದನೆ ಸಭಾದ್ದು."

ಅನಂತ ವಂದನೆಗಳು ಹಿಂದಕ್ಕೆ ಬಂದವು. ಕೊನೆಗೆ ಆದರಣೀಯ ಪ್ರಾಚಾರ್ಯರದೂ ಬಂತು. ಆದರಣೀಯ ಎಂಬುದನ್ನು ಮಾತ್ರ ಅವರಲ್ಲೇ ಬಿಡಲಾಯಿತು.

ವಂದನೆ ಕೊಡದಿದ್ದರೆ ಅದು ಮರೆವು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಕೊಟ್ಟು ಕಸಿದುಕೊಂಡರೆ ಅದು ಇತಿಹಾಸ. ಮೊಮ್ಮಕ್ಕಳ ಕಾಲಕ್ಕೂ ಜನ ಆಡಿಕೊಳ್ಳುತ್ತಾರೆ. ವಾಪಸಾದ ವಂದನೆಯನ್ನು ಕೊರಳಿಗೆ ಕಟ್ಟಿಕೊಂಡು ಹುಗ್ಗಿ ಉಣ್ಣಲು ಯಾರಿಗೂ ಮನಸ್ಸಾಗಲಿಲ್ಲ.

"ಮತ್ತ ನಮಗ ಹೊಳ್ಳಿ ಯಾವಾಗ ವಂದಸ್ತೀರಿ?" ಎಂದು ಕೇಳಿದರು ಪ್ರಭುಲಿಂಗಪ್ಪನವರು.

"ಸಭಾ ಮುಗಿದ ಮ್ಯಾಲ್ರಿ. ಸಂಜಿಮುಂದ."

"ಅಲ್ಲೀತನ ನಾವು ಇರದಿದ್ರ?"

"ಇಲ್ಲದವರಿಗೆ ವಂದಿಸಿ ಕರ್ಜಗ್ಯಾಗ ಒಮ್ಮೆ ತಪ್ಪು ಮಾಡೇನಿ" ಎಂದರು ಹಾಲೇಶಪ್ಪನವರು. "ಮತ್ತ ಮಾಡೂದಿಲ್ಲ."

ಎಲ್ಲರಿಗಿಂತ ಮೊದಲು ಪ್ರಾಚಾರ್ಯರು ಸಭಾಂಗಣದತ್ತ ಹೊರಟರು.

*

ಆ ದಿನದ ಸಮ್ಮೇಳನದಂಥದನ್ನು ಹಾವೇರಿ ಕಂಡಿರಲಿಲ್ಲ. ಯಾರೂ ಎದ್ದುಹೋಗಲಿಲ್ಲ. ಊಟಕ್ಕೂ ಪಾಳಿಯಲ್ಲಿ ಹೋಗಿ, ಕೈ ತೊಳೆದವರೇ ಓಡಿಬಂದು ಕುಳಿತರು.

ಕಲ್ಲೇಶ ತನ್ನ ಪ್ರೋಗ್ರಾಮನ್ನು ತೋರಿಸಿದ. ಪರದೆಯ ಈ ತುದಿಯಿಂದ ಒಂದು ಎತ್ತು ನಡೆದು ಆ ತುದಿಗೆ ಹೋಗುತ್ತದೆ. ತುದಿ ಮುಟ್ಟಿದ ಮೇಲೆ ಹಿಂದಿರುಗಿ ನೋಡುತ್ತದೆ. ಅಷ್ಟೇ. ಇದರಿಂದ ಏನು ಪ್ರಯೋಜನ ಎಂದು ಯಾರೂ ಕೇಳಲಿಲ್ಲ. "ಹಲ್ಲು ಎಷ್ಟು ಬಂದಾವ?" ಎಂದು ಒಬ್ಬರು ಕೇಳಿದರು. ಬಲಗಾಲು ಕುಂಟುತ್ತಿದೆ, ಲಾಳ ಸರಿಯಾಗಿ ಬಡಿದಿಲ್ಲ ಎಂದು ಇನ್ನೊಬ್ಬರು ತೋರಿಸಿದರು. ಕಲ್ಲೇಶ ಅಲ್ಲೇ ಎರಡು ಸಾಲು ತಿದ್ದಿದ. ಎತ್ತು ನೆಟ್ಟಗೆ ನಡೆಯಿತು. ಹಿಂದಿನ ಸಾಲಿನವರು ಎದ್ದುನಿಂತು ನೋಡಿದರು.

ಕೊನೆಯ ಭಾಷಣ ಸಾನಿಯಾಳದು. ಅವಳು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಫೋನು ಹಿಡಿದು ನಿಂತು ಜನರ ಸೀನುಗಳನ್ನು ಹಿಡಿದು ತಂದಿದ್ದಳು. ಅವಳ ಪ್ರೋಗ್ರಾಂ ಪ್ರತಿಯೊಂದು ಸೀನನ್ನೂ ಡೊಳ್ಳಿನ ಒಂದೊಂದು ಪೆಟ್ಟಾಗಿ ಕೂರಿಸಿ ತಾಳ ಕಟ್ಟುತ್ತಿತ್ತು. ಸಣ್ಣ ಸೀನು, ದೊಡ್ಡ ಸೀನು, ಬರುವಂತೆ ಮಾಡಿ ಬಾರದೆ ಹೋದ ಸೀನು, ಎಲ್ಲವೂ ಸೇರಿ ಸಭಾಂಗಣ ಗುಡುಗತೊಡಗಿತು. ನಡುವೆ ಒಂದು ಭಾರಿ ಪೆಟ್ಟು ಬಿದ್ದಾಗ ಪ್ರಭುಲಿಂಗಪ್ಪನವರು ಕುರ್ಚಿಯಿಂದ ಎದ್ದರು.

"ತಡೀರಿ. ಅದು ನಂದು."

ಅವರ ಗುಮಾಸ್ತ ಖಚಿತಪಡಿಸಿದ. ಆ ಪೆಟ್ಟನ್ನು ಮತ್ತೆ ಮತ್ತೆ ಹಾಕಿಸಿ ಕೇಳಲಾಯಿತು. ತಮ್ಮ ಸೀನು ಇಷ್ಟು ಲಯಬದ್ಧವಾಗಿದೆಯೆಂದು ತಮಗೆ ಇದುವರೆಗೆ ಯಾರೂ ಹೇಳಿರಲಿಲ್ಲವೆಂದು ಪ್ರಭುಲಿಂಗಪ್ಪನವರು ಸಾರ್ವಜನಿಕವಾಗಿ ವಿಷಾದಿಸಿದರು. ಹುಡುಗರು ಕುಣಿದರು. ಪ್ರಾಚಾರ್ಯರ ಪಾದವೂ ತಾಳ ಹಾಕುತ್ತಿದ್ದುದನ್ನು ಕಂಡವರಿದ್ದಾರೆ. ತುಂಬಿದ ಸಭಾಂಗಣವನ್ನು ಅವರು ಎರಡು ಸಲ ತಿರುಗಿ ನೋಡಿದರು.

"ಬೆಂಚು ಹೊರಗ ಇರ್ಲಿ ಬಿಡ್ರಿ ಮೇಡಂ" ಎಂದರು. "ತೋಯ್ದು ತೋಯ್ದು ರೂಢಿ ಆಗೈತಿ ಅವಕ್ಕ."

ಸಾನಿಯಾ, ಕಲ್ಲೇಶ ಇಬ್ಬರಿಗೂ ಹಾರ ಬಿದ್ದವು. ತಟ್ಟೆಯಲ್ಲಿ ಒಂದು ಉಳಿಯಿತು. ಅದನ್ನು ಯಾರೂ ಮುಟ್ಟಲಿಲ್ಲ.

ಆಮೇಲೆ ಹಾಲೇಶಪ್ಪನವರು ಮೈಕಿನ ಬಳಿ ಬಂದರು. ವಂದನಾರ್ಪಣೆಯನ್ನು ಅಷ್ಟು ಆಸೆಯಿಂದ ಕೇಳಿದ ಸಭೆ ಈ ಜಿಲ್ಲೆಯಲ್ಲಿ ಹಿಂದೆ ಇರಲಿಲ್ಲ, ಮುಂದೆ ಇರುವ ಸಂಭವವೂ ಇಲ್ಲ. ಹೆಸರು ಬಂದೊಡನೆ ಒಬ್ಬೊಬ್ಬರೂ ಕಣ್ಣುಮುಚ್ಚಿ ತಲೆಬಾಗಿಸಿದರು. ಪ್ರಾಚಾರ್ಯರು, ಪ್ರಭುಲಿಂಗಪ್ಪನವರು, ಕಲ್ಲೇಶ, ಸಾನಿಯಾ, ರೋಹಿಣಿ, ಹೊಸದಾಗಿ ಸೇರಿಕೊಂಡ ಅಡುಗೆಯ ಹೊಳಿಯಪ್ಪ, ಕೊನೆಗೆ ಜಾಕೀರ್. ಆಮೇಲೆ ಆ ವಾಕ್ಯ. ಎಲ್ಲರೂ ಎದ್ದರು.

ಒಬ್ಬರು ಮಾತ್ರ ಏಳಲಿಲ್ಲ.

*

ದೀಪ ಹಚ್ಚುವ ಹೊತ್ತಿಗೆ ರಾಣೆಬೆನ್ನೂರಿನ ಜೀಪು ಹಾಲೇಶಪ್ಪನವರ ಮನೆಯ ಮುಂದೆ ನಿಂತಿತು. ಬೀರಲಿಂಗಪ್ಪನವರು ಒಳಗೆ ಬಂದು ಮಂಚದ ತುದಿಗೆ ಕುಳಿತರು. ದೇವವ್ವ ಹುಗ್ಗಿ ಕುದಿಯಲಿಟ್ಟು ತಾಟು ಹಾಕಿದಳು. ಅವರು ಮುಟ್ಟಲಿಲ್ಲ.

"ಉಣ್ಣರಿ ಅಣ್ಣಾರ. ರೊಟ್ಟಿ ಆರತಾವ."

"ಹೆಂಗ ಉಣ್ಲೆವಾ. ನಿಮ್ಮ ಯಜಮಾನ್ರು ಇಸಗೊಂಡದ್ದು ಹೊಳ್ಳಿ ಕೊಟ್ಟಿಲ್ಲ." ಅವರು ಬೀಗರತ್ತ ತಿರುಗಿದರು. "ಎಲ್ಲಾರಿಗೂ ಕೊಟ್ರಿ. ಬದನಿಕಾಯಿ ಹೆಚ್ಚಿದವಂಗೂ ಕೊಟ್ರಿ. ನನ್ನ ಮರ್ತ್ರೋ, ಬಿಟ್ರೋ?"

ಈ ಪ್ರಶ್ನೆಗೆ ಉತ್ತರ ಇಂದಿಗೂ ದೊರೆತಿಲ್ಲ. ಹಾಲೇಶಪ್ಪನವರು ತಮ್ಮ ವಂದನಾಜೀವನದಲ್ಲಿ ಅದುವರೆಗೆ ಯಾರನ್ನೂ ಮರೆತ ಉದಾಹರಣೆಯಿಲ್ಲ ಎಂಬುದನ್ನಷ್ಟೇ ಹೇಳಬಹುದು.

"ಸಭಾ ಮುಗದೈತಲ್ರಿ ಬೀಗ್ರ."

"ಈಗ ಕೊಡ್ರಿ. ಜೀಪಿನ್ಯಾಗ ನಮ್ಮ ಮಂದಿ ಅದಾರ. ಊರಾಗ ಮಾರಿ ಹೆಂಗ ತೋರಸ್ಲಿ?"

"ಸಭಾ ಇಲ್ಲದ ವಂದನೆ ಹೆಂಗ ಕೊಡ್ಲಿರಿ. ಮೊದಲ ಸ್ವಾಗತ ಆಗಬೇಕು. ಆಮ್ಯಾಲೆ ಸನ್ಮಾನ. ಅದಾದ ಮ್ಯಾಲೆ ನಮ್ಮ ಸರದಿ."

"ಸನ್ಮಾನ ಯಾರಿಗೆ?"

ರೋಹಿಣಿ ಒಳಗೆ ಹೋಗಿ, ಕಾಲೇಜಿನಿಂದ ತಂದಿದ್ದ ಕಾಗದದ ಪೊಟ್ಟಣವೊಂದನ್ನು ತಂದು ಮಂಚದ ಮೇಲಿಟ್ಟಳು. ಅದನ್ನು ಬಿಚ್ಚುವ ಮೊದಲೇ ಮನೆಯೆಲ್ಲ ಏಲಕ್ಕಿಯ ಪರಿಮಳ.

ಬೀರಲಿಂಗಪ್ಪನವರು ಪೊಟ್ಟಣವನ್ನು ನೋಡಿದರು. ತಾಟನ್ನು ನೋಡಿದರು. ಕಿಟಕಿಯಿಂದ ಜೀಪನ್ನು ನೋಡಿದರು. ನಿಧಾನವಾಗಿ ಎದ್ದು, ಸಂಘದ ಸಭೆಯಲ್ಲಿ ನಿಲ್ಲುವಂತೆ ನಿಂತು, ನೆರೆದ ಸಮಸ್ತರನ್ನು, ಎಂದರೆ ದೇವವ್ವ, ರೋಹಿಣಿ ಮತ್ತು ಗೋಡೆಯಾಚೆಯಿಂದ ಇಣುಕುತ್ತಿದ್ದ ರೋಷನಬಿಯನ್ನು, ಸ್ವಾಗತಿಸಿದರು. ಜಿಲ್ಲೆಯ ಸಭೆಗಳನ್ನು ದಡ ಮುಟ್ಟಿಸುವಲ್ಲಿ ಬೀಗರು ಸಲ್ಲಿಸಿದ ಸೇವೆಯನ್ನು ಎರಡು ಮಾತಿನಲ್ಲಿ ಕೊಂಡಾಡಿದರು. ಹಾರವನ್ನು ಎತ್ತಿ ಹಿಡಿದರು.

ಹಾಲೇಶಪ್ಪನವರು ಕೊರಳೊಡ್ಡಿದರು. ರೋಹಿಣಿ ಫೋಟೋ ತೆಗೆದಳು.

ಆಮೇಲೆ ಅವರು ಎದ್ದು ವಂದಿಸಿದರು. ಬೀರಲಿಂಗಪ್ಪನವರಿಗೆ ಹೃತ್ಪೂರ್ವಕ, ಅನಂತ, ಅಷ್ಟಲ್ಲದೆ ಆತ್ಮೀಯ ವಂದನೆಗಳು ಸಂದವು. ಸಭೆ ಮುಕ್ತಾಯಗೊಂಡಿತು. ಬೀರಲಿಂಗಪ್ಪನವರು ಆ ವಾಕ್ಯ ಕಿವಿಗೆ ಬಿದ್ದೊಡನೆ, ತಮಗೇ ತಿಳಿಯದಂತೆ, ಊಟಕ್ಕೆ ನಡೆದರು.

"ಹುಗ್ಗಿಗೆ ಯಾಲಕ್ಕಿ ಬಿದ್ದಿಲ್ಲ" ಎಂದಳು ದೇವವ್ವ, ಗಂಡನ ಕೊರಳಿನತ್ತ ನೋಡುತ್ತ. "ಒಂದೀಟು ಬಗ್ಗರಿ ಇಲ್ಲೆ."

ಆ ಹಾರ ಈಗ ಹಾಲೇಶಪ್ಪನವರ ಪಡಸಾಲೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ತೂಗುತ್ತಿದೆ. ರಾಣೆಬೆನ್ನೂರಿನ ಹಾರಗಳ ಪಕ್ಕದಲ್ಲಿಟ್ಟು ನೋಡಿದರೆ ನಾಲ್ಕು ಏಲಕ್ಕಿ ಕಡಿಮೆ. ಬಂದವರು ಕೇಳಿದರೆ ಹಾಲೇಶಪ್ಪನವರು ಮುಚ್ಚಿಡುವುದಿಲ್ಲ. ಅವನ್ನು ಬೀಗರು ಉಂಡರು ಎಂದು ಹೇಳಿ, ಅದಕ್ಕಾಗಿಯೂ ಅವರಿಗೆ ವಂದಿಸುತ್ತಾರೆ.